ಮರುವಾಯಿ ಬಾಯಿಯ ಗಂಟೆ

ಇಗರ್ಜಿಯ ಗಂಟೆ ತಂದಿದ್ದರು ಫೆಲ್ಸಿ ಟೀಚರು,
ನಾಲ್ಕು ಬಟ್ಟಲಿನದು, ಒಂದು ಬಟ್ಟಲು ಒಡೆದಿತ್ತು.
ಕಟಪಾಡಿಯ ನಮ್ಮ ಕೊಟ್ಟಿಗೆಯಲ್ಲಿ ಆಗ
ಮೇಣ ಕಾಯುವ ಹೊತ್ತು, ಮಾತಿಗೆ ಬಿಡುವಿಲ್ಲ.
ಅಪ್ಪ ಉಳಿದ ಮೂರನ್ನೂ ಉಗುರಿನಿಂದ ತಟ್ಟಿ
"ಇವುಗಳ ತಂಗಿಯನ್ನು ಹೊಯ್ಯಬೇಕು, ಅಷ್ಟೆ" ಎಂದ.

ಟೀಚರು ಚೀನಾಕ್ಕೆ ಹೋಗಿ ಬಂದವರು,
ಅಣ್ಣನ ಮಗಳ ಜೊತೆ, ಹದಿನಾಲ್ಕು ದಿನ.
ದೊಡ್ಡ ಗೋಡೆ ನೋಡಿದ್ದು ಆಗಲೇ ಮರೆತಿದೆಯಂತೆ.
ಮರೆಯದ್ದು ಇದು ಮಾರಾಯ್ರೆ, ಎಂದು ಮೊಬೈಲು ಚಾಚಿದರು.

ಎರಡು ಸಾವಿರದ ನಾನೂರು ವರ್ಷ
ನೀರು ತುಂಬಿದ ಗೋರಿಯೊಳಗೆ
ನೇತಾಡಿಕೊಂಡೇ ಇದ್ದ ಅರವತ್ತೈದು ಗಂಟೆ.
ಮೂರು ಸಾಲು, ಮರದ ತೊಲೆ, ತೊಲೆಯ ಕೆಳಗೆ
ಸೊಂಟಕ್ಕೆ ಕತ್ತಿ ಕಟ್ಟಿದ ಕಂಚಿನ ಆಳುಗಳು
ತಲೆ ಕೊಟ್ಟು, ಕೈ ಕೊಟ್ಟು,
ಇನ್ನೂ ಇಳಿಸಿಲ್ಲ ಹೊರೆ.

ಅಪ್ಪ ಕನ್ನಡಕ ಹುಡುಕಿದ.
ಬಂಗಾರದ ಬಟ್ಟಲಿತ್ತು, ಬಂಗಾರದ್ದೇ ಸೌಟು,
ಅದರ ಮೇಲೆ ಅವನ ಕಣ್ಣು ನಿಲ್ಲಲಿಲ್ಲ.
ಅವನು ನೋಡಿದ್ದು ಗಂಟೆಯ ಬಾಯಿ:
"ಇದು ದುಂಡಗಿಲ್ಲವಲ್ಲ!"

ಮರುವಾಯಿ.
ನಾವು ತಿನ್ನುವವರಲ್ಲ. ಆದರೂ ಉದ್ಯಾವರ ಹೊಳೆಯ ಚಿಪ್ಪು
ಪಕ್ಕದ ಮನೆಯ ಬೇಲಿಬುಡದಲ್ಲಿ ರಾಶಿ ಬಿದ್ದಿರುತ್ತದೆ.
ಎರಡು ಚಿಪ್ಪು ಕೂಡಿದರೆ ಸಿಗುವ ಅಂಚು,
ಹಾಗೇ ಚಪ್ಪಟೆ, ಹಾಗೇ ಎರಡು ಮೂಲೆ.
ದುಂಡು ಗಂಟೆ ಬಡಿದ ಮೇಲೂ ಕೊರಗುತ್ತಲೇ ಇರುತ್ತದೆ,
ಇದು ಹೇಳುವುದನ್ನು ಹೇಳಿ ಸುಮ್ಮನಾಗುತ್ತದೆ.
ನಡುವೆ ಹೊಡೆದರೆ ಒಂದು ಸ್ವರ,
ಪಕ್ಕಕ್ಕೆ ಹೊಡೆದರೆ ಇನ್ನೊಂದು.

ಒಂದು ಗಂಟೆಗೆ ಒಂದೇ ಮಾತು ಎಂದು
ಐವತ್ತು ವರ್ಷ ನಂಬಿದ್ದ ಅಪ್ಪ
ಇದ್ದಿಲ ಕೈಯನ್ನು ಲುಂಗಿಗೆ ಒರೆಸಿ
ಮೊಬೈಲಿಗೆ ಕೈ ಮುಗಿದ.

ಇನ್ನೂ ಇತ್ತು:
ಇಪ್ಪತ್ತೈದು ತಂತಿಯ ವಾದ್ಯ, ತಂತಿಯನ್ನು ನೀರು ತಿಂದಿದೆ;
ಸೋರೆ ಬುರುಡೆಗೆ ಸಿಕ್ಕಿಸಿದ ಬಿದಿರ ಕೊಳವೆಗಳು;
ಸಾಲಾಗಿ ತೂಗುವ ಹಾಡುಗಲ್ಲು;
ಜಿಂಕೆಯ ಕೊಂಬು ಮೂಡಿದ ಒಂದು ಕೊಕ್ಕರೆ, ಯಾಕೆಂದು ಯಾರಿಗೂ ಗೊತ್ತಿಲ್ಲ.
ಗಂಟೆಗಳ ಮೈಯಲ್ಲಿ ಬಂಗಾರ ಕೂರಿಸಿದ ಅಕ್ಷರ:
ಇಲ್ಲಿ ಬಡಿದರೆ ಈ ಸ್ವರ, ಅಲ್ಲಿ ಬಡಿದರೆ ಆ ಸ್ವರ,
ಇದಕ್ಕೆ ನಮ್ಮಲ್ಲಿ ಈ ಹೆಸರು, ಪಕ್ಕದ ರಾಜ್ಯದಲ್ಲಿ ಬೇರೆ.
ಇಗರ್ಜಿಯ ಹಾಡಿನ ಮಕ್ಕಳಿಗೆ ಸ್ವರ ಕಲಿಸುವ ಟೀಚರಿಗೆ
ಇಲ್ಲಿ ಗಂಟಲು ಕಟ್ಟಿತು.

ಆಮೇಲೆ ಒಂದು ನಕ್ಷೆ. ನಾಲ್ಕು ಕೋಣೆ.
ದೊಡ್ಡ ಪೆಟ್ಟಿಗೆಯಲ್ಲಿ ದೊರೆ.
ಅವನ ನಾಯಿ. ನಾಯಿಗೂ ಒಂದು ಪೆಟ್ಟಿಗೆ.
ಮತ್ತೆ ಸಣ್ಣವು, ಇಲ್ಲಿ ಎಂಟು, ಅಲ್ಲಿ ಹದಿಮೂರು.
"ಇವರು?" ಎಂದೆ.
ಬಾರಿಸುವವರೋ ಹಾಡುವವರೋ ಇರಬೇಕು. ಎಲ್ಲ ಹೆಣ್ಣುಮಕ್ಕಳು.
ಹದಿಮೂರರಿಂದ ಇಪ್ಪತ್ತೈದು, ಎಲುಬು ಹೇಳಿದ ಲೆಕ್ಕ.
ದೊರೆ ಹೋದಾಗ ಇವರನ್ನೂ...
ಟೀಚರು ಎದೆಯ ಮೇಲೆ ಶಿಲುಬೆ ಗೀಚಿಕೊಂಡರು.

ಸ್ವರಕ್ಕೆ ಎರಡೆರಡು ಹೆಸರಿದೆ.
ಇವರಿಗೆ?
ಚಿತ್ರವನ್ನು ಬೆರಳಿಂದ ಹಿಗ್ಗಿಸಿದೆ, ಹಿಗ್ಗಿಸಿದೆ,
ಬೂದು ಚುಕ್ಕೆಗಳಾಯಿತು.

ಮೇಣದ ಎಳೆ ಹೊಸೆದು ಗಂಟೆಗೆ ಅಕ್ಷರ ಅಂಟಿಸುವವಳು ನಾನು,
ಹನ್ನೆರಡನೇ ವಯಸ್ಸಿನಿಂದ.
ದೈವಸ್ಥಾನದ ಗಂಟೆ, ಸೇವಾರ್ಥ ಇಂಥವರು, ಹೋಟೆಲು, ಮುಂಬೈ,
ಹೆಂಡತಿಯ ಹೆಸರು ಸೇರಿದರೆ
ಸಾಲು ಸುತ್ತಿ ಬಂದು ತನ್ನದೇ ಬಾಲ ಮುಟ್ಟುತ್ತದೆ.
ಬಾಬುರಾಯ ಆಚಾರಿ ಎಂದು ಯಾವುದರ ಮೇಲೂ ಬರೆದವಳಲ್ಲ.
ಅಪ್ಪ ಹೇಳಿಲ್ಲ. ನಾನು ಕೇಳಿಲ್ಲ.

ಕೋಣೆಯಿಂದ ಕೋಣೆಗೆ ಗೋಡೆಯಲ್ಲಿ
ಸಣ್ಣ ಕಿಂಡಿ ಬಿಟ್ಟಿದ್ದರಂತೆ,
ದೊರೆಯ ಜೀವ ಎದ್ದು ಹೋಗಿ ಸಂಗೀತ ಕೇಳಲಿಕ್ಕೆ.
ಅಪ್ಪ ಕುಲುಮೆಗೆ ಮುಖ ಮಾಡಿಯೇ ಅಂದ:
"ಕಿಂಡಿ ಇದ್ದಲ್ಲಿ ಯಾರೋ ಹೊರಗೆ ನಿಂತಿರುತ್ತಾರೆ.
ಉಡುಪಿಯವರಿಗೆ ಅದನ್ನು ಹೇಳಿಕೊಡಬೇಕೆ?"

ಐದೂವರೆಯ ಶಿರ್ವ ಬಸ್ಸಿಗೆ ಟೀಚರು ಹೋದರು.
ಹರಿದ ಮೇಣವನ್ನು ಗೆರಟೆಗೆ ಬಸಿದಿಟ್ಟೆ, ನಾಳೆಯ ಬಟ್ಟಲಿಗೆ.

ರಾತ್ರಿ ಬೇಲಿಬುಡದಿಂದ ಎರಡು ಚಿಪ್ಪು ಆರಿಸಿ
ನೂಲು ಸುತ್ತಿ, ಮೊಳೆಗೆ ತೂಗಿಸಿ,
ಚಮಚದ ಬೆನ್ನಿಂದ ತಟ್ಟಿದೆ.
ಟಕ್.
ಪಕ್ಕಕ್ಕೆ.
ಟಕ್. ಅದೇ.
ಇನ್ನೂ ಸ್ವಲ್ಪ ಪಕ್ಕಕ್ಕೆ.

ಒಳಗಿನಿಂದ ಅಪ್ಪ, ಅರೆನಿದ್ದೆಯಲ್ಲಿ:
"ಯಾರದು?"