ಯಾರ ಬೆರಳು

ಬೈತಕೋಲಿನ ಇಳಿಜಾರಿನಲ್ಲಿ, ಐಸ್ ಫ್ಯಾಕ್ಟರಿಯ ಎದುರು
ಕುಸುಮಾ ತಾಂಡೇಲರ ಬಲೆ ಅಂಗಡಿ.
ಮೂರು ಮೆಟ್ಟಿಲು, ಮೂರರ ಮೇಲೂ ಹಗ್ಗದ ಸುರುಳಿ.
ಒಳಗೆ ಹೋಗುವವರು ಹಗ್ಗವನ್ನು ಕೇಳಿಯೇ ಹೋಗಬೇಕು.

ನಾನು ಕೋಡಿಬಾಗದಲ್ಲಿ ಜೆರಾಕ್ಸ್ ತೆಗೆಯುವವನು.
ಪಹಣಿ, ಲಗ್ನಪತ್ರಿಕೆ, ಆಧಾರಿಗೆ ಪ್ಲಾಸ್ಟಿಕ್ಕು.
ರಾತ್ರಿ ಕೂತು ಕಲಿತಷ್ಟರಲ್ಲಿ
ಇವರಿಗೊಂದು ವೆಬ್‌ಸೈಟು ಕಟ್ಟಲು ಒಪ್ಪಿಕೊಂಡಿದ್ದೆ.
ದೊಡ್ಡದೇನಲ್ಲ. ಮುಂದೆ ಒಂದು ಪಟ್ಟಿ, ಹಿಂದೊಂದು ಬಾಗಿಲು,
ಬಾಗಿಲ ಒಳಗೆ ನಾಲ್ಕು ಖಾನೆ:
ಹೆಸರು, ಅಳತೆ, ಬೆಲೆ, ಚಿತ್ರ.
ತುಂಬಿ ಒತ್ತಿದರೆ ಊರಿಗೆಲ್ಲ ಕಾಣುತ್ತದೆ.

‘ಅಷ್ಟೇನಾ?’ ಅಂದರು.
ಅಷ್ಟೇ, ಅಂದೆ.

ಹೆಸರಿನಲ್ಲೇ ಮೊದಲ ದಿನ ಮುಗಿಯಿತು.
ಒಂದೇ ಬಲೆಗೆ ಮಾಜಾಳಿಯವರದು ಒಂದು ಹೆಸರು,
ಹಾರವಾಡದವರದು ಬೇರೆ,
ಕಂಪನಿಯ ಬಿಲ್ಲಿನಲ್ಲಿ ಬರೀ ನಂಬರು.
ಯಾವುದನ್ನೂ ಬಿಡುವ ಹಾಗಿಲ್ಲ;
ನೆಂಟರು ಹೆಚ್ಚಾದ ರಾತ್ರಿ ಚಾಪೆ ಹಾಸಿದ ಹಾಗೆ
ಒಂದರ ಪಕ್ಕ ಒಂದಕ್ಕೆ ಜಾಗ ಮಾಡಿಕೊಟ್ಟೆ.

ಮರುದಿನ ಅಳತೆ.
ಬಲೆಗೆ ಕಣ್ಣಿರುತ್ತದೆ, ಕಣ್ಣಿಗೆ ಮಿಲಿಮೀಟರು.
ಖಾನೆ ಅಂಕಿಯನ್ನಷ್ಟೇ ಒಪ್ಪಬೇಕು ಅಂತ ನಾನೇ ಬರೆದಿದ್ದೆ.
ಅವರು ತುಂಬಿದರು: ಎರಡು ಬೆರಳು.
ಕೆಂಪಕ್ಷರ ಬಂತು.
ಮತ್ತೆ ಎರಡು ಬೆರಳು. ಮತ್ತೆ ಕೆಂಪು.
‘ನಿನ್ನ ಪೆಟ್ಟಿಗೆಗೆ ಬೆರಳೂ ಗೊತ್ತಿಲ್ಲನಾ?’

ಯಾರ ಬೆರಳು, ಕೇಳಿದೆ.
ನೀರಿಗಿಳಿಯದವನ ಪ್ರಶ್ನೆ.
ಅವರು ಮಾತಾಡಲಿಲ್ಲ. ಬಲಗೈ ಎತ್ತಿ
ನೀಲಿ ನೈಲಾನಿನ ಕಣ್ಣೊಳಗೆ ಎರಡು ಬೆರಳು ಇಳಿಸಿದರು.
ಉಗುರಲ್ಲಿ ಟಾರು,
ಗಂಟು ಹಾಕಿ ಹಾಕಿ ದಪ್ಪಗಾದ ಗೆಣ್ಣು.
ಕಣ್ಣು ತುಂಬಿತು, ಒಂದು ಕೂದಲು ಹೆಚ್ಚಿಲ್ಲ, ಕಮ್ಮಿಯಿಲ್ಲ.
ಫೋಟೋ ಹೊಡೆದೆ.
ನಿಯಮ ಅಳಿಸಿದೆ. ಒಂದೇ ಸಾಲು ಇತ್ತು, ಹೋಯಿತು.

ಹಾಗಾಗಿ ಈಗ ನಲವತ್ತೇಳು ಸಾಮಾನು, ಎಲ್ಲದರಲ್ಲೂ ಅದೇ ಕೈ.
ಗಾಳದ ಪಕ್ಕ ಕಿರುಬೆರಳು,
ಸೀಸದ ಗುಂಡಿನ ಕೆಳಗೆ ಅಂಗೈ,
ಬೆಂಡನ್ನು ಹಿಡಿದ ಮುಷ್ಟಿ.
ಮುಖ ಎಲ್ಲೂ ಇಲ್ಲ.
‘ಮುಖ ಮಾರೂಕಿಲ್ಲ’ ಅಂದಿದ್ದರು.

ದೋಣಿಗಳು ದಡ ಹಿಡಿದು ಕೂತ ಆ ಮಳೆಗಾಲದ ಎರಡು ತಿಂಗಳು
ಫೋನು ಸುಮ್ಮನಿರಲಿಲ್ಲ.
ಭಟ್ಕಳದಿಂದ, ಮಲ್ಪೆಯಿಂದ, ಒಮ್ಮೆ ವೆಂಗುರ್ಲೆಯಿಂದ:
‘ಆ ಕೈಯ ಮೂರು ಬೆರಳಿನದು, ಹತ್ತು ಕಿಲೋ.’

ಆಗಸ್ಟಿನಲ್ಲಿ ಅವರು ಪೊರೆ ತೆಗೆಸಲು ಹುಬ್ಬಳ್ಳಿಗೆ ಹೋದರು.
ಅಂಗಡಿಯ ಹುಡುಗ ರೋಹಿದಾಸ
ಹೊಸ ಮಾಲು ಬಂತೆಂದು ತಾನೇ ಖಾನೆ ತುಂಬಿ,
ತನ್ನ ಕೈ ಇಟ್ಟು ಫೋಟೋ ಹಾಕಿದ.
ಸಂಜೆಯೊಳಗೆ ಮಲ್ಪೆಯ ಫೋನು:
‘ಕೈ ಬದಲಾಗಿದೆ. ನಂಬೂದು ಹೇಗೆ?’

ಒಂದು ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು
ಅವರು ವಾಪಸು ಬಂದರು. ಬೈಯಲಿಲ್ಲ.
ರೋಹಿದಾಸನ ಕೈ ಎಳೆದು ತನ್ನ ಕೈಗೆ ಒತ್ತಿ ಹಿಡಿದರು,
ಅಂಗೈಗೆ ಅಂಗೈ, ಬೆರಳಿಗೆ ಬೆರಳು.
ಅವನು ನಾಚಿ ಬೀದಿ ನೋಡಿದ.
‘ಇವನ ಎರಡಂದ್ರೆ ನನ್ನ ಎರಡೂವರೆ. ಬರ್ಕೋ.’

ಬರೆದುಕೊಂಡೆ.
ಆ ರಾತ್ರಿ ಬಾಗಿಲ ಒಳಗೆ ಐದನೆಯ ಖಾನೆ ಇಟ್ಟೆ,
ಯಾರ ಕೈ ಅಂತ.
ಉಳಿದದ್ದನ್ನೆಲ್ಲ ಹೇಗೆ ಬೇಕಾದರೂ ತುಂಬಬಹುದು.
ಇದನ್ನು ಖಾಲಿ ಬಿಟ್ಟರೆ ಮಾತ್ರ
ಕೆಂಪಕ್ಷರ ಬರುತ್ತದೆ.