ಗ್ರ್ಯಾಂಡ್ ಅಂದರೆ

ನಮ್ಮಲ್ಲಿ ಈ ಪದ ರೇಷ್ಮೆ ಉಟ್ಟೇ ಹೊರಗೆ ಬರುವುದು.
ಗ್ರ್ಯಾಂಡ್ ಮದುವೆ, ಗ್ರ್ಯಾಂಡ್ ಸೀರೆ, ಇಡೀ ಓಣಿ
ಬಾಯಿ ತೆರೆದು ನೋಡುವಂಥ ಗ್ರ್ಯಾಂಡ್ ಊಟ.

ಐರ್ಲೆಂಡಿನ ಪಡುವಣಕ್ಕೆ, ಮೇಯೋ ಸೀಮೆಯ ಈ ಊರಲ್ಲಿ
ಅದಕ್ಕೆ ಮೊಣಕೈ ಸವೆದ ಸ್ವೆಟರು, ಕೆಸರು ಬೂಟು.
ಅಂಚೆ ಕಚೇರಿಯ ಡಿಂಪ್‌ನಾ ಹೆಷನ್‌ಗೆ
ದಿನಕ್ಕೆ ನಲವತ್ತು ಸಲ ಬೇಕು ಅದು.
ಚಿಲ್ಲರೆ ಸರಿಹೋಯಿತೇ, ಗ್ರ್ಯಾಂಡ್.
ಮೂರು ದಿನದ ಮೇಲೆ ಒಂದು ಗಂಟೆ ಮಳೆ ಬಿಟ್ಟಿತೇ, ಗ್ರ್ಯಾಂಡ್.
ಪಾದ್ರಿಯ ಪ್ರವಚನ ಹೇಗಿತ್ತು?
ಚಿಕ್ಕದಿತ್ತು, ಗ್ರ್ಯಾಂಡ್.
ಮಂಡಿಯ ಮೂಳೆ ಕೊಯ್ದು ಲೋಹ ಕೂರಿಸಿದ್ದಾರೆ,
ಕೋಲೂರಿ ಮೆಟ್ಟಿಲಿಳಿಯುತ್ತ, ಹಲ್ಲು ಕಚ್ಚಿಕೊಂಡೇ, ಗ್ರ್ಯಾಂಡ್.

ಹೆಚ್ಚೇನಿಲ್ಲ, ನಮ್ಮ 'ಪರವಾಗಿಲ್ಲ'ದಷ್ಟೇ ತೂಕ.
ಯಾರೋ ಕಾಲು ತುಳಿದು ಸಾರಿ ಅಂದರೆ ಅದೇ ಉತ್ತರ,
ಬಿಸ್ಕತ್ತು ಮುಂದೆ ಹಿಡಿದರೆ ಬೇಡವೆನ್ನಲೂ ಅದೇ.
'ಯೂ ಆರ್ ಗ್ರ್ಯಾಂಡ್': ಬಿಡು, ಮನ್ನಿಸಿದೆ ಎಂದೂ ಹೌದು,
ನಿನ್ನದು ನೀನೇ ಇಟ್ಟುಕೋ ಎಂದೂ ಹೌದು.
ನಿಘಂಟು ಬರೆಯುವವನಿಗೆ ಮುಖ ಕಾಣುವುದಿಲ್ಲ, ಪಾಪ.

ಅವಳ ಅವ್ವ ತೀರಿಕೊಂಡ ರಾತ್ರಿ
ಮುಂದಿನ ಕೋಣೆಯಲ್ಲಿ ಪೆಟ್ಟಿಗೆ, ತಣ್ಣನೆ ಬೆರಳಿಗೆ ಸುತ್ತಿದ ಜಪಸರ,
ಅಡುಗೆಮನೆ ತುಂಬ ಹ್ಯಾಮ್ ಸ್ಯಾಂಡ್‌ವಿಚ್, ಕರುಗಳ ರೇಟಿನ ಮಾತು.
ಅಣ್ಣ ಕೋಲ್ಮನ್ ಬಂದ. ಇರುವುದು ನಾಲ್ಕೇ ಮೈಲಿ ಆಚೆ,
ಬಾವಿ ಇರುವ ಒಂದು ತುಂಡು ಹೊಲಕ್ಕಾಗಿ
ಹತ್ತೊಂಬತ್ತು ವರ್ಷ ಈ ಹೊಸಿಲು ತುಳಿದಿರಲಿಲ್ಲ.
ಕೈಗೊಂದು ಕೆಲಸ ಬೇಕಿತ್ತು, ಟೀ ಕೆಟಲ್ ಎತ್ತಿಕೊಂಡ,
ಒಬ್ಬೊಬ್ಬರಿಗೂ ಬಗ್ಗಿ ಬಗ್ಗಿ ಹಾಕುತ್ತ
ಅವಳ ಮುಂದೆ ಬಂದು ನಿಂತ. ಮುಚ್ಚಳ ಕಿಣಿಕಿಣಿ ಅಂದಿತು.
'ಆ ಹೊಲದ ವಿಷಯ, ಡಿಂಪ್‌ನಾ, ನಾನು...'
'ಯೂ ಆರ್ ಗ್ರ್ಯಾಂಡ್,' ಅಂದಳು. ತಲೆ ಎತ್ತಲಿಲ್ಲ.

ಹೊಲಕ್ಕೋ? ಟೀಗೋ?
ಕೆಟಲಿನ ಮೂತಿಯಲ್ಲಿ ಒಂದು ಹನಿ
ಬೀಳಲೋ ಬೇಡವೋ ಎಂದು ತೂಗಿತು.
ಅರವತ್ತಾರು ವರ್ಷ ಇದೇ ನುಡಿಯಲ್ಲಿ ಬದುಕಿದವನು ಕೋಲ್ಮನ್,
ಅವನಿಗೂ ಗೊತ್ತಾಗಲಿಲ್ಲ.
ಕಪ್ಪಿನ ಮೇಲೆ ಅವಳ ಅಂಗೈ ಅಡ್ಡವಿದೆಯೇ ಎಂದು ನೋಡಿದ.
ಇರಲಿಲ್ಲ.
ಸುರಿದ. ಅರ್ಧ ಸಾಸರಿಗೇ ಹೋಯಿತು.

ಅವಳು ಸಾಸರನ್ನೇ ಎತ್ತಿ,
ಅವ್ವ ಕುಡಿಯುತ್ತಿದ್ದ ಹಾಗೆ ಸೊರ್ರನೆ ಹೀರಿ,
'ಹಾಲು ಕಮ್ಮಿ' ಅಂದಳು.