ಸಂಧಿಕಾರ್ಯ

ಆಕ್ರನ್ ಊರಿನ ಕೆನ್‌ಮೋರ್ ಕಡೆ, ಮಾರ್ಚ್ ತಿಂಗಳು,
ಹೆಪ್ಪುಗಟ್ಟಿದ ಜೇಡಿಮಣ್ಣು ಸಡಿಲಾಗುವ ಹೊತ್ತು.
ಮನೆ ಕೊಳ್ಳುವವರ ಪರವಾಗಿ
ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿಯುವುದು ನನ್ನ ಕೆಲಸ.
ಇವತ್ತು ಎರಡು ಮನೆ, ನಡುವೆ ಒಂದೇ ಬೇಲಿ.

ಮೊದಲನೆಯದು ಬ್ಲಾಕಿನದು, ಅರವತ್ತೇಳರಲ್ಲಿ ಕಟ್ಟಿದ್ದು.
ಕಟ್ಟಿದವನೇ ಮಾರುತ್ತಿದ್ದಾನೆ: ಅರ್ಪಾಡ್ ಹೊರ್ವಾತ್,
ಎಂಬತ್ತೊಂದು ವಯಸ್ಸು, ಬಲಗೈ ಹೆಬ್ಬೆರಳು
ಇನ್ನೂ ಕರಣೆ ಹಿಡಿದ ಹಾಗೇ ಬಾಗಿದೆ.
ಗೋಡೆ ಹೊಟ್ಟೆ ಬಿಟ್ಟಿದೆ. ದಾರಕ್ಕೆ ಗುಂಡು ಕಟ್ಟಿ ಅಳೆದೆ:
ಒಂದೂಕಾಲು ಅಂಗುಲ. ಮೇಲಿನಿಂದ ನಾಲ್ಕನೇ ವರಸೆಯ ಕೆಳಗೆ
ಗಾರೆ ಉದ್ದಕ್ಕೂ ಬಾಯಿ ತೆರೆದಿದೆ; ಬ್ಲಾಕು ಒಂದೂ ಒಡೆದಿಲ್ಲ.
"ಬ್ಲಾಕಿನದೇನೂ ತಪ್ಪಿಲ್ಲ," ಅಂದ,
ಮಕ್ಕಳ ಪರ ವಹಿಸಿ ಮಾತಾಡುವವನ ದನಿಯಲ್ಲಿ.
"ಹೋಗುವುದಿದ್ದರೆ ಕೂಡಿಸಿದ ಕಡೆಯೇ ಹೋಗುತ್ತದೆ."

ನನಗೆ ಏಳನೇ ಕ್ಲಾಸಿನ ಗುರುಬಸವ್ವ ಟೀಚರು.
ಮನೆ, ಅನ್ನು: ನಡುವೆ ಒಂದು ಯ ಬಂದು ಕೂತರೆ ಮನೆಯನ್ನು.
ಬೆತ್ತದ ತುದಿಯಿಂದ ಆ ಯಕಾರವನ್ನು ಮುಟ್ಟಿ ಹೇಳುತ್ತಿದ್ದರು:
ಇದು ಇವರದೂ ಅಲ್ಲ, ಅವರದೂ ಅಲ್ಲ. ಆಗಮ. ಬಂದದ್ದು.
ಕಿರುಬೆರಳ ದಪ್ಪದ ಯಕಾರಗಳು, ಸಾಲು ಸಾಲು,
ಐವತ್ತೆಂಟು ವರ್ಷ ಮಣ್ಣಿಗೆ ಭುಜ ಕೊಟ್ಟು ನಿಂತವು.

ಬೇಲಿಯಾಚೆ ಡೆನೀಸ್ ಟಾಲಿವರ್ ಮನೆ. ಸುರಿದ ಗೋಡೆ.
ಸಂದೇ ಇಲ್ಲ. ಊರು, ಅಲ್ಲಿ ಸೇರಿ ಊರಲ್ಲಿ ಆದ ಹಾಗೆ,
ಬಿಟ್ಟುಕೊಟ್ಟ ಉಕಾರದ ಗುರುತೇ ಇರದ ಲೋಪ.
ಗುಂಡು ಇಳಿಬಿಟ್ಟೆ. ಕೂದಲೆಳೆಯಷ್ಟೂ ಬಾಗಿಲ್ಲ.
ಸರಿ ಎಂದು ಬರೆಯುವುದರೊಳಗೆ
ವಾಷಿಂಗ್ ಮಷೀನಿನ ಹಿಂದೆ ಕಂಡಿತು, ಓರೆಯಾದ ಒಂದು ಗೆರೆ,
ಉಪ್ಪು ಬಿಳಿಚಿದ್ದು, ಬೆರಳಿಟ್ಟರೆ ತೇವ.

"ಅದಾ," ಎಂದಳು ಡೆನೀಸ್. "ಜುಲೈ ತಿಂಗಳು. ಎರಡನೇ ಲಾರಿ
ರೈಲ್ವೆ ಗೇಟಿನಲ್ಲಿ ಸಿಕ್ಕಿಬಿತ್ತು. ಕೆಟ್ಟು ನಿಂತ ಗೂಡ್ಸು.
ಎರಡು ತಾಸು. ನಾನೇ ಎಲ್ಲರಿಗೂ ನಿಂಬೆ ಶರಬತ್ತು ಹಂಚಿದೆ."

ಅಷ್ಟರಲ್ಲಿ ಮೊದಲು ಸುರಿದದ್ದು ಬಿಗಿದುಕೊಂಡಿತ್ತು.
ಆಮೇಲೆ ಬಂದದ್ದು ಅದರ ಮೇಲೆ ಕೂತಿತು; ಒಳಗಿಳಿಯಲಿಲ್ಲ.
ಅಯ್ಯೋ, ಇದೇನು! ಪಕ್ಕದಲ್ಲಿ ನಿಂತೂ ಕೂಡದ್ದಕ್ಕೆ
ಪ್ರಕೃತಿಭಾವ ಅಂತ ಹೆಸರು.
ಪರೀಕ್ಷೆಯಲ್ಲಿ ಅದಕ್ಕೇ ನಾನು ಅರ್ಧ ಅಂಕ ಕಳಕೊಂಡಿದ್ದು.

ಸಂಜೆ ಕಾರಿನಲ್ಲಿ ಕೂತು ವರದಿ ಬರೆದೆ.
ಹೊರ್ವಾತ್ ಗೋಡೆಗೆ ಒಂಬತ್ತು ಉಕ್ಕಿನ ಕಂಬ.
ಟಾಲಿವರ್ ಗೋಡೆಗೆ ಒಳಗೆ ತುಂಬುವ ಗೋಂದು.
ಯಾವುದು ಗಟ್ಟಿ? ಕೊಳ್ಳುವವರು ಕೇಳಿಯೇ ಕೇಳುತ್ತಾರೆ.
ಸುರಿದದ್ದು, ಎಂದು ಬರೆದೆ; ಲೆಕ್ಕವೂ ಹಾಗೇ ಹೇಳುತ್ತದೆ.

ತಲೆಯೆತ್ತಿದರೆ ಅರ್ಪಾಡ್ ಮೆಟ್ಟಿಲ ಮೇಲೆ ನಿಂತು
ಬಾಗಿಲ ಪಕ್ಕದ ಗಾರೆಯನ್ನು
ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದ,
ಇನ್ನೂ ಹಸಿಯಿದೆಯೇನೋ ಎಂಬಂತೆ.